ಚೋರಸೂಚಕ ಘಂಟೆಯ ಮೂಲವಿಚಾರ

ವಿದ್ಯುತ್ತಿನ ಚೋರಸೂಚಕ ಘಂಟೆಯನ್ನು ಅಮೆರಿಕದ ಎಡ್ವಿನ್ ಹೋಮ್ಸನು ಕಲ್ಪಿಸಿದನೆಂಬ ಮಾತು ಹಲವೆಡೆ ಕಂಡುಬರುವುದುಂಟು. ಅದು ಸಮಂಜಸವಲ್ಲ. ಮ್ಯಾಸಚೂಸೆಟ್ಸ್ ಪ್ರಾಂತದ ಸಾಮರ್‌ವಿಲ್ಲಿನಲ್ಲಿ ಕ್ರೈಸ್ತ ಧರ್ಮೋಪದೇಶಕನಾಗಿದ್ದ ಆಗಸ್ಟಸ್ ರಸೆಲ್ ಪೋಪನು 1853ನೆಯ ಜೂನ್ 21ರಂದೇ ಅದಕ್ಕೆ ಪೇಟೆಂಟನ್ನು ಪಡೆದಿದ್ದನು. ಬಾಗಿಲಾಗಲಿ ಕಿಟಕಿಯಾಗಲಿ ತೆರೆದೊಡನೆ ವಿದ್ಯುನ್ಮಂಡಲವು ಪೂರ್ಣವಾಗಿ, ಅಯಸ್ಕಾಂತದ ಬಲದಿಂದ ಸುತ್ತಿಗೆಯು ಘಂಟೆಯನ್ನು ಬಾರಿಸುವುದು. ಕಳ್ಳನು ಕದವನ್ನು ಮರಳಿ ಮುಚ್ಚಿದರೂ ನಾದವು ನಿಲ್ಲದು. ಯುಕ್ತಿಯ ಸಾರವೆಲ್ಲ ಈ ಕಡೆಯ ಅಂಶದಲ್ಲಿಯೇ ಇದೆ.

1857ರಲ್ಲಿ ಇದರ ಹಕ್ಕನ್ನು ಕೊಂಡ ಹೋಮ್ಸನು ಬಾಸ್ಟನ್ನಿನಲ್ಲಿಯೂ 1859ರಿಂದ ನ್ಯೂಯಾರ್ಕಿನಲ್ಲಿಯೂ ಅದನ್ನು ಪ್ರಚಾರಕ್ಕೆ ತಂದನು. ಅವನ ನಿಜವಾದ ಹಿರಿಮೆಯಾದರೋ ಬೇರೆ. ಮನೆಯೊಳಗಿನ ಘಂಟೆಯು ಮಲಗಿದವರನ್ನು ಎಬ್ಬಿಸೀತು. ರಾತ್ರಿ ಜನವಿಲ್ಲದ ಅಂಗಡಿಯಲ್ಲಿ ಅದನ್ನು ಕೇಳುವವರಾರು? ಆದಕಾರಣ ಅವನು ಹಲವು ಕಟ್ಟಡಗಳ ತಂತಿಗಳನ್ನು ಒಂದೇ ಕೇಂದ್ರಕ್ಕೆ ಸೇರಿಸಿ, ಅಲ್ಲಿ ರಾತ್ರಿಯೆಲ್ಲ ಕಾವಲುಗಾರರನ್ನು ಇರಿಸಿದನು. ಬೀದಿಯಲ್ಲಿ ತಿರುಗದಿದ್ದರೂ ಸಂಸ್ಕೃತದ ‘ಯಾಮಿಕ’ ಶಬ್ದವು ಇವರಿಗೆ ಚೆನ್ನಾಗಿ ಒಪ್ಪುತ್ತದೆ.

ಈ ತಂತಿಗಳು ಹಗಲಿನಲ್ಲಿ ವ್ಯರ್ಥವಾಗಿರುತ್ತಿದ್ದುವು. 1877ರ ಮೇ ತಿಂಗಳಿನಲ್ಲಿ ಹೋಮ್ಸನ ಮಗನು ಬಾಸ್ಟನ್ನಿನ ತಮ್ಮ ಕಚೇರಿಯಲ್ಲಿ ಅವುಗಳಿಗೆ ಬೆಲ್ಲನ ಟೆಲಿಫೋನುಗಳನ್ನು ಜೋಡಿಸಿದನು: ಹಗಲು ಸಂಭಾಷಣೆ, ಇರುಳು ಕಾವಲು. 1878ರ ಜನವರಿಯಲ್ಲಿ ನ್ಯೂ ಹೇವನ್ನಿನಲ್ಲಿ ತೆರೆದ ಟೆಲಿಫೋನ್ ವಿನಿಮಯ ಕೇಂದ್ರವನ್ನು ಪ್ರಥಮವೆನ್ನುವುದು ರೂಢಿ; ಬಾಸ್ಟನ್ನಿನ ಈ ಪ್ರಯೋಗವು ಅದಕ್ಕಿಂತ ಎಂಟು ತಿಂಗಳು ಹಿಂದಿನದು.