ಅಭಯಗುಳಿಗೆಯ ಪೂರ್ವವೃತ್ತಾಂತ

ಚಿತ್ತದ ಉದ್ವೇಗವನ್ನು ಔಷಧದಿಂದ ಅಡಗಿಸುವ ಯತ್ನ ಹಳೆಯದಾದರೂ, ಉದ್ವೇಗವನ್ನು ಅಡಗಿಸಿ ಎಚ್ಚರವನ್ನು ಉಳಿಸಬಲ್ಲ ಔಷಧ ಪಾಶ್ಚಾತ್ಯ ವೈದ್ಯರಿಗೆ ಬಹುಕಾಲ ದೊರೆತಿರಲಿಲ್ಲ. ಹತ್ತೊಂಬತ್ತನೆಯ ಶತಮಾನದ ಉತ್ತರಾರ್ಧದಲ್ಲಿ ಅವರು ಧಾರಾಳವಾಗಿ ಕೊಡುತ್ತಿದ್ದ ಬ್ರೋಮೈಡ್ ಲವಣಗಳು ದೇಹದಲ್ಲಿ ಸಂಚಯಗೊಂಡು ಬುದ್ಧಿಯನ್ನೇ ಮಂಕಾಗಿಸುತ್ತಿದ್ದುವು. 1903ರಲ್ಲಿ ಜರ್ಮನಿಯ ಎಮಿಲ್ ಫಿಷರ್ ಮತ್ತು ಯೋಸೆಫ್ ಫಾನ್ ಮೆರಿಂಗ್ ಬಾರ್ಬಿಟಾಲನ್ನು ಬೆಳಕಿಗೆ ತಂದ ಮೇಲೆ ರೂಢಿಗೆ ಬಂದ ಬಾರ್ಬಿಟುರೇಟುಗಳಲ್ಲಾದರೋ, ಶಮನಕ್ಕೆ ಸಾಕಾಗುವ ಪ್ರಮಾಣಕ್ಕೂ ಪ್ರಾಣಕ್ಕೆ ಎರವಾಗುವ ಪ್ರಮಾಣಕ್ಕೂ ಅಂತರ ಅತ್ಯಲ್ಪ.

1955ರಲ್ಲಿ ಅಮೆರಿಕದ ಪೇಟೆಗೆ ಬಂದ ಮಿಲ್‌ಟೌನ್ ಎಂಬ ಗುಳಿಗೆ ಅಪಾರ ಜನಪ್ರಿಯತೆಯನ್ನು ಗಳಿಸಲು, ಅದಕ್ಕೆ ಪ್ರತಿಸ್ಪರ್ಧಿಯನ್ನು ನಿರ್ಮಿಸುವ ಹೊಣೆ ನ್ಯೂಜೆರ್ಸಿಯ ಹಾಫ್‌ಮನ್-ಲಾ ರೋಷ್ ಸಂಸ್ಥೆಯಲ್ಲಿದ್ದ ಲಿಯೋ ಸ್ಟರ್ನ್‌ಬಾಕ್ ಎಂಬ ರಸಾಯನಜ್ಞನ ಪಾಲಿಗೆ ಬಂದಿತು. ಪೋಲೆಂಡಿನ ಕ್ರಾಕೋವಿನಲ್ಲಿ ತಾರುಣ್ಯದಲ್ಲಿ ಬಣ್ಣಗಳಿಗಾಗಿ ತಾನು ಶೋಧಿಸುತ್ತಿದ್ದ ಸಂಯುಕ್ತಗಳ ಕಡೆಗೇ ಆತ ಮರಳಿ, ಸುಮಾರು 40 ರೂಪಾಂತರಗಳನ್ನು ಸಿದ್ಧಪಡಿಸಿದರೂ ಒಂದೂ ಫಲಕಾರಿಯಾಗಲಿಲ್ಲ, ಕೆಲಸ ನಿಂತಿತು. 1957ರಲ್ಲಿ ಪ್ರಯೋಗಶಾಲೆಯನ್ನು ಅಚ್ಚುಕಟ್ಟು ಮಾಡುವಾಗ, ಪರೀಕ್ಷೆಗೆ ಹೋಗದೆ ಉಳಿದಿದ್ದ ಹರಳುಪುಡಿಯೊಂದು ಸಹೋದ್ಯೋಗಿ ಅರ್ಲ್ ರೀಡರನ ಕಣ್ಣಿಗೆ ಬಿತ್ತು. ಅದನ್ನು ತಿಂದ ಪ್ರಾಣಿಗಳು ಸೌಮ್ಯವಾದುವು, ಆದರೆ ಎಚ್ಚರದಪ್ಪಲಿಲ್ಲ. ಅದೇ 1960ರಲ್ಲಿ ಲಿಬ್ರಿಯಮ್ ಆಯಿತು. ಅದರ ಸೋದರ ವ್ಯಾಲಿಯಮ್ 1963ರಲ್ಲಿ ಬಂದಿತು. ಇದನ್ನು ಕೇವಲ ಅದೃಷ್ಟವೆನ್ನಲು ನನಗೆ ಮನಸ್ಸಿಲ್ಲ: ಆ ಪುಡಿಯನ್ನು ಎಸೆಯದೆ ಪರೀಕ್ಷೆಗೆ ಕಳುಹಿಸಿದ ವಿವೇಕವೂ ಅಲ್ಲಿತ್ತಷ್ಟೆ.

ಗುಳಿಗೆ ಗೆಲ್ಲುವುದನ್ನು ಜಗತ್ತು ಕಂಡಿತು. ಹೇಗೆಂಬುದು ಮಾತ್ರ 1977ರವರೆಗೆ, ಡೆನ್ಮಾರ್ಕ್ ಮತ್ತು ಸ್ವಿಟ್ಸರ್ಲೆಂಡಿನ ಸಂಶೋಧಕರು ಮಿದುಳಿನಲ್ಲಿ ಅದು ನೆಲೆಗೊಳ್ಳುವ ತಾಣವನ್ನು ಗುರುತಿಸುವವರೆಗೆ, ಗೂಢವಾಗಿಯೇ ಉಳಿಯಿತು. ಮಿದುಳಿನಲ್ಲಿ ಸಹಜವಾಗಿ ಉತ್ಪನ್ನವಾಗುವ ಗಾಬಾ ಎಂಬ ರಾಸಾಯನಿಕವು ನರಕೋಶದ ಗ್ರಾಹಕಕ್ಕೆ ಅಂಟಿದೊಡನೆ ಅಲ್ಲಿಯ ಬಾಗಿಲು ತೆರೆದು, ಋಣವಿದ್ಯುತ್ತುಳ್ಳ ಕ್ಲೋರೈಡ್ ಅಯಾನುಗಳು ಒಳನುಗ್ಗುತ್ತವೆ, ಕೋಶದ ಉದ್ರೇಕ ಇಳಿಯುತ್ತದೆ. ಬೆಂಜೊಡಯಜೆಪೀನ್ ವರ್ಗದ ಈ ಔಷಧಗಳು ಅದೇ ಗ್ರಾಹಕದ ಬೇರೊಂದು ಮೂಲೆಯಲ್ಲಿ ಕುಳಿತು, ತಾವಾಗಿ ಬಾಗಿಲನ್ನು ತೆರೆಯದೆ, ಗಾಬಾ ಬಂದಾಗ ಅದು ಮತ್ತೆ ಮತ್ತೆ ತೆರೆಯುವಂತೆ ಮಾಡುತ್ತವೆ. ಬಾರ್ಬಿಟುರೇಟುಗಳಾದರೋ ಪ್ರಮಾಣ ಮೀರಿದಾಗ ಗಾಬಾದ ಹಂಗಿಲ್ಲದೆಯೇ ಬಾಗಿಲನ್ನು ತೆರೆದು, ಉಸಿರಾಟವನ್ನು ನಡೆಸುವ ಕೇಂದ್ರಗಳನ್ನೂ ಸ್ತಬ್ಧಗೊಳಿಸುತ್ತವೆ. ಹೊಸ ಗುಳಿಗೆ ಹಳೆಯದಕ್ಕಿಂತ ನಿರಪಾಯಕರವೆನಿಸಿದ್ದರ ರಹಸ್ಯ ಇಷ್ಟೆ. ಮದ್ಯದೊಡನೆ ಸೇವಿಸಿದವರಿಗೆ ಆ ರಕ್ಷೆಯೂ ಇಲ್ಲ.

ಕ್ರಮ ತಿಳಿಯುವುದು ತಡವಾಯಿತು, ನಿಜ. ದೋಷವಾದರೋ ಬೇಗನೆ ತಿಳಿದಿತ್ತು. ಅಧಿಕ ಪ್ರಮಾಣದ ಲಿಬ್ರಿಯಮನ್ನು ಥಟ್ಟನೆ ನಿಲ್ಲಿಸಿದ ರೋಗಿಗಳು ತಳಮಳಿಸಿ, ಕೆಲವರಿಗೆ ಅಪಸ್ಮಾರವೂ ಬಂದುದನ್ನು ಲಿಯೋ ಹಾಲಿಸ್ಟರ್ ಎಂಬ ಅಮೆರಿಕದ ವೈದ್ಯ 1961ರಲ್ಲಿಯೇ ವರದಿಮಾಡಿದ್ದನು. ಅದನ್ನು ಬದಿಗೊತ್ತಿ ವೈದ್ಯರು ಚೀಟಿಗಳನ್ನು ಬರೆಯುತ್ತಲೇ ಹೋದುದು, ನನ್ನ ದೃಷ್ಟಿಯಲ್ಲಿ, ಅಜ್ಞಾನವಲ್ಲ, ಉಪೇಕ್ಷೆ. ಇಂದು ದೀರ್ಘ ಚಿಕಿತ್ಸೆಗೆ, ವಾರಗಳ ತರುವಾಯ ಗುಣ ತೋರುವ, ಸೆರೊಟೋನಿನ್ನಿಗೆ ಸಂಬಂಧಿಸಿದ ಔಷಧಗಳನ್ನೇ ಮೊದಲು ಆರಿಸುತ್ತಾರೆ. ಬಹುದಿನಗಳಿಂದ ಬೆಂಜೊಡಯಜೆಪೀನನ್ನು ಸೇವಿಸುತ್ತಿರುವ ವಾಚಕರು ಇದನ್ನು ಓದಿ ನಾಳೆಯೇ ಅದನ್ನು ಬಿಟ್ಟುಬಿಡದೆ, ವೈದ್ಯರ ಸಲಹೆಯಂತೆ ಕ್ರಮಕ್ರಮವಾಗಿ ಪ್ರಮಾಣವನ್ನು ಇಳಿಸತಕ್ಕದ್ದು.