ಹಾಡಿನ ಖರ್ಚು ಹೊತ್ತವರು

ಕ್ರಿಸ್ಮಸ್ ಹತ್ತಿರ ಬಂತೆಂದರೆ ಆದೋನಿ, ಆಲೂರು, ಹೊಳಗುಂದ ಕಡೆ ಎಲ್ಲರ ಫೋನಿನಲ್ಲೂ ಹೊಸ ಯೇಸುವಿನ ಹಾಡುಗಳು ಓಡಾಡುತ್ತವೆ. ಹೆಚ್ಚಿನವು ತೆಲುಗಿನವು. ಮನೆಯಲ್ಲಿ ಕನ್ನಡ ಮಾತಾಡುವ ನಾವೂ ಅವನ್ನೇ ಹಾಡುತ್ತೇವೆ, ಇಷ್ಟಪಟ್ಟೇ ಹಾಡುತ್ತೇವೆ. ಆದರೆ ಕನ್ನಡದವು ಏಕಿಷ್ಟು ಕಡಿಮೆ? ಬರೆಯುವವರಿಲ್ಲವೇ, ಹಾಡುವವರಿಲ್ಲವೇ? ಇಬ್ಬರೂ ಇದ್ದಾರೆ. ಹಾಡನ್ನು ಜನರಿಗೆ ಮುಟ್ಟಿಸುವ ಖರ್ಚನ್ನು ಯಾರು ಹೊತ್ತರು ಎಂಬುದೇ ಇದಕ್ಕೆ ಕಾರಣ ಎಂದು ನಮಗೆ ತೋರುತ್ತದೆ.

ಆದೋನಿ, ಆಲೂರು ತಾಲ್ಲೂಕುಗಳು 1953ರವರೆಗೆ ಬಳ್ಳಾರಿ ಜಿಲ್ಲೆಗೆ ಸೇರಿದ್ದವು. ಬಳ್ಳಾರಿಗೆ 1810ರಲ್ಲಿ ಬಂದ ಲಂಡನ್ ಮಿಷನರಿ ಸೊಸೈಟಿಯ ಜಾನ್ ಹ್ಯಾಂಡ್ಸ್ ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಅವರು ನಮ್ಮ ಕಥೋಲಿಕ ಧರ್ಮಸಭೆಯವರಲ್ಲ, ಆದರೆ ಈ ಸೀಮೆಯ ಕ್ರೈಸ್ತ ಕನ್ನಡಕ್ಕೆ ಅವರ ಋಣವಿದೆ. ಆ ಕೆಲಸ ನಡೆದದ್ದು ಇಂಗ್ಲೆಂಡಿನ ಸಭೆಗಳು ಕೂಡಿಸಿ ಕಳಿಸಿದ ಚಂದಾ ಹಣದಿಂದ. 1953ರ ಅಕ್ಟೋಬರ್ 1ರಂದು ಆದೋನಿ, ಆಲೂರು, ರಾಯದುರ್ಗ ಆಂಧ್ರಕ್ಕೆ ಹೋದವು, ಬಳ್ಳಾರಿ ಮೈಸೂರಿಗೆ ಸೇರಿತು. ಧರ್ಮಸಭೆಯಲ್ಲೂ ಬಳ್ಳಾರಿ ಧರ್ಮಕ್ಷೇತ್ರ ಒಂದು, 1967ರಲ್ಲಿ ಆದ ಕರ್ನೂಲು ಧರ್ಮಕ್ಷೇತ್ರ ಇನ್ನೊಂದು. ನಾವು ಕರ್ನೂಲಿನ ಕಡೆ ಉಳಿದೆವು. ಪೂಜೆಯ ಭಾಷೆ ತೆಲುಗಾಯಿತು.

1963ರ ಡಿಸೆಂಬರ್ 4ರಂದು ಎರಡನೆಯ ವ್ಯಾಟಿಕನ್ ಮಹಾಸಭೆ ಒಂದೇ ದಿನ ಎರಡು ದಾಖಲೆಗಳನ್ನು ಹೊರಡಿಸಿತು. ಒಂದು, ಆರಾಧನೆಯಲ್ಲಿ ಜನರ ಭಾಷೆಗೆ ಬಾಗಿಲು ತೆರೆಯಿತು. ಇನ್ನೊಂದು, ಪತ್ರಿಕೆ, ಸಿನಿಮಾ, ರೇಡಿಯೊ, ಟಿವಿಗಳನ್ನು ಬಳಸಿಕೊಳ್ಳಿ ಎಂದಿತು. ಮೊದಲನೆಯದನ್ನು ನಡೆಸಲು ಒಬ್ಬ ಗುರು, ಒಂದು ಹಾರ್ಮೋನಿಯಂ ಸಾಕು. ಎರಡನೆಯದಕ್ಕೆ ದೊಡ್ಡ ಹಣ ಬೇಕು. 1969ರಲ್ಲಿ ಮನಿಲಾದಲ್ಲಿ ಜರ್ಮನಿಯ ನೆರವಿನಿಂದ ರೇಡಿಯೊ ವೆರಿತಾಸ್ ಏಷ್ಯಾ ಶುರುವಾಯಿತು. ಮುಂದೆ ಅದರಲ್ಲಿ ತೆಲುಗು ಕಾರ್ಯಕ್ರಮ ಬಂತು, ತಯಾರಿ ಸಿಕಂದರಾಬಾದಿನ ಅಮೃತವಾಣಿಯಲ್ಲಿ. ಶಾರ್ಟ್‌ವೇವ್ ಕಾಲದಲ್ಲಿ ಅಲ್ಲಿ ತಮಿಳಿತ್ತು, ಹಿಂದಿಯಿತ್ತು, ಸಿಂಹಳವೂ ಇತ್ತು. ಕನ್ನಡ ಇರಲಿಲ್ಲ.

ನಮ್ಮ ಪಾಲಿಗೆ ಹೆಚ್ಚು ನ್ಯಾಯವಾದ ಕಾಲ ಕ್ಯಾಸೆಟ್ಟಿನದು ಎಂದೇ ಹೇಳಬೇಕು. ಗ್ರಾಮಫೋನ್ ತಟ್ಟೆ ಒತ್ತಲು ಕಾರ್ಖಾನೆ ಬೇಕಿತ್ತು. ಕ್ಯಾಸೆಟ್ಟನ್ನು ಸಣ್ಣ ಅಂಗಡಿಯವನೂ ನಕಲು ಮಾಡಬಲ್ಲವನಾದ. 1978ರಲ್ಲಿ ಬಂದ ‘ನಿತ್ಯೋತ್ಸವ’ ಕ್ಯಾಸೆಟ್ ಕನ್ನಡ ಭಾವಗೀತೆಯನ್ನೂ ಜನ ದುಡ್ಡು ಕೊಟ್ಟು ಕೇಳುತ್ತಾರೆಂದು ತೋರಿಸಿತು. ಭಕ್ತಿಗೀತೆಗಳ ಕ್ಯಾಸೆಟ್ಟುಗಳು ಜಾತ್ರೆಯಲ್ಲಿ, ಚರ್ಚಿನ ಬಾಗಿಲಲ್ಲಿ ಮಾರಾಟವಾದವು. ಕೇಳುವವನೇ ಖರ್ಚು ಕೊಡುತ್ತಿದ್ದ. ಹಾಗಾಗಿ ಸಣ್ಣ ಊರಿನ ಹಾಡಿಗೂ ದಾರಿಯಿತ್ತು.

ವಿಡಿಯೊ ಬಂದಮೇಲೆ ಲೆಕ್ಕ ತಿರುವುಮುರುವಾಯಿತು. ಅಮೆರಿಕದಲ್ಲಿ 1981ರ ಆಗಸ್ಟ್ 1ರಂದು ಎಂಟಿವಿ ಆರಂಭವಾದಾಗ ವಿಡಿಯೊ ಎಂದರೆ ಜಾಹೀರಾತು: ಕಂಪನಿ ತನ್ನ ದುಡ್ಡಿನಲ್ಲಿ ಮಾಡಿಕೊಡುತ್ತಿತ್ತು, ಚಾನೆಲ್ ತೋರಿಸುತ್ತಿತ್ತು, ರೆಕಾರ್ಡು ಮಾರಿ ಹಣ ವಾಪಸ್. ನಮ್ಮ ದೇಶದಲ್ಲಿ 1995ರ ‘ಮೇಡ್ ಇನ್ ಇಂಡಿಯಾ’ ಓಡಿದ್ದೂ ಹೀಗೆಯೇ. ಟಿವಿಯಲ್ಲಿ ನೋಡಿದವರು ಕ್ಯಾಸೆಟ್ ಕೊಂಡರು. ಈಗ ಕ್ಯಾಸೆಟ್ಟೂ ಇಲ್ಲ, ಸಿಡಿಯೂ ಇಲ್ಲ. ಜಾಹೀರಾತು ಮಾತ್ರ ಉಳಿದಿದೆ, ಮಾರುವ ಸರಕೇ ಇಲ್ಲ! ಹಾಗಾದರೆ ಸ್ಟುಡಿಯೊ, ಕೀಬೋರ್ಡ್ ಟ್ರ್ಯಾಕ್, ಗಾಯಕರು, ಕ್ಯಾಮೆರಾ, ಎಡಿಟಿಂಗ್, ಇಷ್ಟಕ್ಕೆಲ್ಲ ಯಾರು ಕೊಡಬೇಕು?

ತೆಲುಗಿನವರು ಇದಕ್ಕೆ ಉತ್ತರ ಕಂಡುಕೊಂಡರು. ಗುಂಟೂರಿನ ಹೊಸನ್ನಾ ಮಿನಿಸ್ಟ್ರೀಸಿನಂಥ ದೊಡ್ಡ ಸಭೆಗಳು ವರ್ಷವರ್ಷ ಹೊಸ ಹಾಡುಗಳನ್ನು ತರುತ್ತವೆ. ಸಾವಿರಾರು ಕುಟುಂಬಗಳ ಕಾಣಿಕೆ ಅದರ ಹಿಂದಿದೆ. ಕ್ರೈಸ್ತ ಟಿವಿ ಚಾನೆಲ್‌ಗಳಲ್ಲಿ ಅರ್ಧ ಗಂಟೆಯ ಸಮಯವನ್ನು ಹಣ ಕೊಟ್ಟು ಕೊಳ್ಳುವ ಸೇವೆಗಳಿವೆ. ಇನ್ನು ಕೆಲವು ಹಾಡುಗಳ ಮೊದಲಲ್ಲಿ ತೀರಿಕೊಂಡ ತಾಯಿಯ ಫೋಟೊ, ಮಕ್ಕಳ ಹೆಸರು ಬರುತ್ತದೆ: ಅವರ ನೆನಪಿಗೆ ಮನೆಯವರು ಕೊಟ್ಟ ಹಾಡು ಅದು. ಕೆಲವರು ಇದನ್ನು ನೋಡಿ ನಗುತ್ತಾರೆ. ಚರ್ಚಿಗೆ ಬೆಂಚು, ಗಂಟೆ ಕೊಡಿಸಿ ಹೆಸರು ಕೆತ್ತಿಸುವುದಿಲ್ಲವೇ? ನಮಗಂತೂ ಅದರಲ್ಲಿ ತಪ್ಪು ಕಾಣುವುದಿಲ್ಲ.

ಹಂಚಿಕೆಯ ಕಥೆ ಇನ್ನೂ ಸ್ವಾರಸ್ಯವಾದದ್ದು. ಮಳೆ ಕೈಕೊಟ್ಟಾಗ ಆದೋನಿ, ಕೋಸಿಗಿ ಕಡೆಯವರು ಮೆಣಸಿನಕಾಯಿ ಬಿಡಿಸಲು ಗುಂಟೂರಿಗೆ ಹೋಗುತ್ತಾರೆ. ‘ಸುಗ್ಗಿ’ಗೆ ಹೋಗುವುದು ಅಂತಾರಲ್ಲ, ಅದು. ತಿಂಗಳುಗಟ್ಟಲೆ ಅಲ್ಲಿದ್ದು ಬರುವವರ ಜೊತೆ ಅಲ್ಲಿನ ಹಾಡೂ ಬರುತ್ತದೆ. ಮೊದಲು ಮೊಬೈಲ್ ಅಂಗಡಿಯಲ್ಲಿ ಮೆಮೊರಿ ಕಾರ್ಡಿಗೆ ತುಂಬಿಸಿಕೊಳ್ಳುತ್ತಿದ್ದರು. 2016ರಲ್ಲಿ ಜಿಯೊ ಬಂದು ಡೇಟಾ ಅಗ್ಗವಾದ ಮೇಲೆ ಎಲ್ಲ ಯೂಟ್ಯೂಬಿಗೆ ಹೋಯಿತು.

ಯೂಟ್ಯೂಬ್ ಹಣ ಕೊಡುತ್ತದಲ್ಲ ಎಂದು ನಮ್ಮ ಯುವಜನರು ಕೇಳುತ್ತಾರೆ. 2018ರಿಂದ ಇರುವ ನಿಯಮದಂತೆ ಜಾಹೀರಾತಿನ ಪಾಲು ಬೇಕಾದರೆ 1,000 ಚಂದಾದಾರರು, ಒಂದು ವರ್ಷದಲ್ಲಿ 4,000 ಗಂಟೆ ವೀಕ್ಷಣೆ ಆಗಬೇಕು. ಐದು ನಿಮಿಷದ ಹಾಡನ್ನು 48,000 ಸಲ ಪೂರ್ತಿ ನೋಡಿದರೆ ಅಷ್ಟಾಗುತ್ತದೆ. ಅದೂ ಬಾಗಿಲು ತೆರೆಯುವುದಕ್ಕಷ್ಟೇ, ಹಣ ಆಮೇಲೆ. ಕ್ರಿಸ್ಮಸ್ ವಾರದಲ್ಲಿ ನೋಡಿ ಮರೆಯುವ ಹಾಡಿಗೆ ಇದು ದೂರದ ಮಾತು. ಆದ್ದರಿಂದ ಖರ್ಚು ಧರ್ಮಕೇಂದ್ರದ ಮನೆಗಳಿಂದಲೇ ಬರಬೇಕು, ವಾಪಸ್ ಬರುವುದಿಲ್ಲವೆಂದು ತಿಳಿದೇ ಕೊಡಬೇಕು.

ಇನ್ನೊಂದು ವಿಷಯ. ತೆಲುಗು ರಾಗಕ್ಕೆ ಕನ್ನಡ ಮಾತು ಹೊಂದಿಸಿ ವಿಡಿಯೊ ಮಾಡುವುದು ಸುಲಭದ ದಾರಿ. ಪೂಜೆಯಲ್ಲಿ ಹಾಡಲು ಕಾನೂನು ಅಡ್ಡಬರದು, ಆದರೆ ವಿಡಿಯೊ ಮಾಡಿ ಹಾಕಲು ರಾಗ ಕಟ್ಟಿದವರ ಒಪ್ಪಿಗೆ ಬೇಕು. ಕೇಳಿದರೆ ಸಂತೋಷದಿಂದ ಕೊಡುವವರೂ ಇದ್ದಾರೆ. ಹಾಡು ಬರೆದವರ ಹೆಸರನ್ನಂತೂ ಬಿಡಬಾರದು. 2012ರ ತಿದ್ದುಪಡಿಯ ನಂತರ ರಾಯಧನದಲ್ಲಿ ಅವರ ಪಾಲನ್ನು ಬರೆಸಿಕೊಂಡುಬಿಡುವಂತಿಲ್ಲ.

ಕೊನೆಗೆ ಅಕ್ಷರದ ಮಾತು. ನಮ್ಮಲ್ಲಿ ಎಷ್ಟೋ ಮಂದಿ ಕನ್ನಡ ಮಾತಾಡುತ್ತಾರೆ, ಶಾಲೆಯಲ್ಲಿ ಕಲಿತದ್ದು ತೆಲುಗು ಅಕ್ಷರ. ಕನ್ನಡ ಹಾಡಿನ ಸಾಲುಗಳನ್ನು ವಿಡಿಯೊದ ಕೆಳಗೆ ಕನ್ನಡದಲ್ಲಿ ಮಾತ್ರ ಹಾಕಿದರೆ ಅವರು ಗುನುಗುತ್ತಾರೆ, ಕೂಡಿ ಹಾಡಲಾರರು. ಹೆಸರನ್ನೂ ಸಾಲುಗಳನ್ನೂ ಎರಡು ಲಿಪಿಯಲ್ಲಿ ಹಾಕಲು ಹೆಚ್ಚು ಹಣ ಬೇಡ, ಒಂದು ಸಂಜೆ ಕೂತು ಟೈಪ್ ಮಾಡುವವರು ಬೇಕು.