ಸಂತೆಯ ಪ್ರಸಂಗವೂ ಶಾಲೆಯ ಪಾಠವೂ

ಕಾರವಾರಕ್ಕೂ ಅಂಕೋಲೆಗೂ ನಡುವೆ ಕಡಲ ಮಗ್ಗುಲಲ್ಲಿರುವ ಅವರ್ಸಾ ಗ್ರಾಮವು ಕಾತ್ಯಾಯನೀ ಬಾಣೇಶ್ವರ ದೇವಾಲಯದಿಂದ ಪ್ರಸಿದ್ಧವಾದುದು. ದೂರದ ಊರುಗಳಲ್ಲಿ ನೆಲಸಿದ ಅನೇಕ ಮನೆತನಗಳು ಇಂದಿಗೂ ಇಲ್ಲಿಗೆ ಕುಲದೇವತೆಯ ದರ್ಶನಕ್ಕೆಂದು ಬರುತ್ತವೆ. ಈ ಕರಾವಳಿಯ ಸಾರಸ್ವತರಲ್ಲಿ ಹಲವರ ಪೂರ್ವಿಕರು ಗೋವೆಯವರು. ಪೋರ್ತುಗೀಜರು 1510ರಲ್ಲಿ ಗೋವೆಯನ್ನು ಹಿಡಿದು, ಕ್ರಮೇಣ ದೇವಾಲಯಗಳನ್ನು ಕೆಡವಿಸಿ, 1560ರಲ್ಲಿ ‘ಇನ್‌ಕ್ವಿಸಿಶನ್’ ಎಂಬ ಮತವಿಚಾರಣೆಯ ನ್ಯಾಯಸ್ಥಾನವನ್ನು ಸ್ಥಾಪಿಸಿದರು. ಆ ಕಾಲದಲ್ಲಿ ಮನೆಮಾರುಗಳನ್ನು ತೊರೆದು, ದೇವರನ್ನು ಮಾತ್ರ ಬಿಡದೆ ದಕ್ಷಿಣಕ್ಕೆ ಬಂದ ಕುಟುಂಬಗಳು ಅನೇಕ. ಅಂಥವರ ವಂಶದಲ್ಲಿ ‘ಪಾದ್ರಿ’ ಎಂಬ ಶಬ್ದವು ಯಾವ ಭಾವವನ್ನು ಹುಟ್ಟಿಸಿರಬಹುದೆಂಬುದನ್ನು ವಾಚಕರು ಊಹಿಸಬಲ್ಲರು.

ಆದರೆ ಹತ್ತೊಂಬತ್ತನೆಯ ಶತಮಾನದಲ್ಲಿ ಬಂದ ಪಾದ್ರಿಗಳ ರೀತಿಯೇ ಬೇರೆ. 1833ರ ಶಾಸನದಿಂದ ಕಂಪನಿಯ ರಾಜ್ಯದಲ್ಲಿ ಇತರ ದೇಶಗಳ ಯುರೋಪಿಯನರಿಗೂ ನೆಲಸಲು ಅವಕಾಶ ದೊರೆಯಿತು. ಮರುವರ್ಷ, 1834ರ ಅಕ್ಟೋಬರದಲ್ಲಿ, ಬಾಸೆಲ್ ಮಿಶನ್ನಿನ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರು ಮಂಗಳೂರಿಗೆ ಬಂದರು. ಅವರ ಬೆನ್ನ ಹಿಂದೆ ನ್ಯಾಯಸ್ಥಾನವಿರಲಿಲ್ಲ. ಕೈಯಲ್ಲಿ ಗ್ರಂಥ, ಬಾಯಲ್ಲಿ ಮಾತು, ಇವಿಷ್ಟೇ ಸಾಧನಗಳು. ಸಂತೆ ನೆರೆದಲ್ಲಿ, ಜಾತ್ರೆ ಕೂಡಿದಲ್ಲಿ, ಮರದ ನೆರಳಿನಲ್ಲಿ ನಿಂತು ಬಯಲು ಪ್ರಸಂಗವನ್ನು ಮಾಡುವುದು ಅವರ ಪದ್ಧತಿಯಾಯಿತು. ಹೆಬಿಕ್ ಪಾದ್ರಿಗಳು 1841ರಲ್ಲಿ ಕಣ್ಣಾನೂರಿಗೆ ಹೋದ ಮೇಲೆ ಪಯ್ಯಾವೂರು, ತಳಿಪರಂಬಗಳ ಉತ್ಸವಗಳಲ್ಲಿ ದುಭಾಷಿಗಳ ಸಹಾಯದಿಂದ ಪ್ರಸಂಗಿಸುತ್ತಿದ್ದರು. ದೇವರ ಉತ್ಸವದ ನಡುವೆಯೇ ಆ ದೇವರನ್ನು ಅಲ್ಲಗಳೆಯುವ ಮಾತನ್ನು ಕೇಳಿ ಜನರು ಕೆರಳುತ್ತಿದ್ದುದು ಸಹಜವೇ.

ಬೀದಿಯ ಮಾತಿಗೆ ಕಿವಿಗೊಟ್ಟವರು ಬಹುಮಟ್ಟಿಗೆ ಶ್ರಮಜೀವಿಗಳು. ತುಳುನಾಡಿನಲ್ಲಿ ವಿಶೇಷವಾಗಿ ಬಿಲ್ಲವರು. ಮತಾಂತರ ಹೊಂದಿದವನಿಗೆ ಜಾತಿಯೂ ಬಂಧುಗಳೂ ಕೈಬಿಟ್ಟೊಡನೆ ಜೀವನೋಪಾಯವೂ ತಪ್ಪುತ್ತಿತ್ತು. ಆದುದರಿಂದ ಮಿಶನ್ನು ನೇಯ್ಗೆಯ ಕಾರ್ಖಾನೆಗಳನ್ನೂ, 1865ರಲ್ಲಿ ಪ್ಲೆಬ್ಸ್ಟರ ಮೂಲಕ ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆಯನ್ನೂ ತೆರೆಯಬೇಕಾಯಿತು. ‘ಮಂಗಳೂರು ಹಂಚು’ ಎಂದು ಲೋಕಪ್ರಸಿದ್ಧವಾದ ಕೆಂಪು ಹಂಚಿನ ಹಿಂದೆ ಹೀಗೆ ನೆಲೆ ತಪ್ಪಿದವರ ಸಂಕಟವೂ ಅಡಗಿದೆ.

ಓದುಬರಹ ಬಲ್ಲ ಮನೆಗಳನ್ನು ಬೀದಿಯ ಪ್ರಸಂಗವು ಅಲುಗಿಸಲಿಲ್ಲ; ಅಲುಗಿಸಿದ್ದು ಶಾಲೆಯ ಪಾಠ. 1836ರಲ್ಲಿ ಬಂದ ಹೆರ್ಮನ್ ಮೋಗ್ಲಿಂಗರು ವಿದ್ಯಾರ್ಥಿಗಳೊಡನೆ ದಿನವೂ ಬೆರೆತು ಮಾತನಾಡುವವರು. ಮಿಶನ್ನಿನ ಇಂಗ್ಲಿಷ್ ಶಾಲೆಗೆ ಸಾರಸ್ವತ ಬಾಲಕರು ಬರುತ್ತಿದ್ದುದು ಸರಕಾರಿ ನೌಕರಿಯ ಆಸೆಯಿಂದ. ಅವರಲ್ಲಿ ಆನಂದರಾವ್ ಕೌಂಡಿನ್ಯನೆಂಬ ಹದಿನೆಂಟು ವರ್ಷದ ಯುವಕನು 1844ರ ಜನವರಿಯಲ್ಲಿ ಇನ್ನಿಬ್ಬರು ಸಾರಸ್ವತ ಯುವಕರೊಡನೆ ದೀಕ್ಷಾಸ್ನಾನವನ್ನು ಪಡೆದು, ಗುರುವಿನ ಹೆಸರನ್ನೇ ಧರಿಸಿ ಹೆರ್ಮನ್ ಆನಂದರಾವ್ ಆದನು. ಆಗ ಅವರ್ಸೆಯೂ ಮಂಗಳೂರೂ ಒಂದೇ ಕೆನರಾ ಜಿಲ್ಲೆಯ ಊರುಗಳು. ಉತ್ತರ ಭಾಗವು ಮುಂಬಯಿ ಇಲಾಖೆಗೆ ಸೇರಿದುದು 1862ರಲ್ಲಿ.

ಗೋವೆಯಲ್ಲಿ ಬಲಾತ್ಕಾರಕ್ಕೆ ಮಣಿಯದ ಸಮಾಜದ ಮಗನು ಇಲ್ಲಿ ಸ್ವಂತ ಇಚ್ಛೆಯಿಂದ ಹೊರನಡೆದನೆಂಬುದೇ ಹಿರಿಯರಿಗೆ ಮರ್ಮಾಘಾತವಾಯಿತು. ಬಲಾತ್ಕಾರವಾಗಿದ್ದರೆ ದೂರಲು ವೈರಿಯಿರುತ್ತಿದ್ದನು. ಇಲ್ಲಿ ಯಾರನ್ನು ದೂರುವುದು? ತರುಣನ ಅಂತಃಕರಣದ ಸ್ವಾತಂತ್ರ್ಯ ಒಂದು ಕಡೆ. ಶ್ರಾದ್ಧಕರ್ಮಕ್ಕೆ ಮಗನಿಲ್ಲದ ತಂದೆ, ಗಂಡನಿದ್ದೂ ಸಂಸಾರವಿಲ್ಲದ ಹೆಂಡತಿ ಇನ್ನೊಂದು ಕಡೆ. ಕೌಂಡಿನ್ಯನ ಮಡದಿ ಅವನನ್ನು ಅನುಸರಿಸಲಿಲ್ಲ. ಅವನು 1846ರಿಂದ 1851ರ ತನಕ ಬಾಸೆಲ್ಲಿನಲ್ಲಿ ಓದಿ, ಪಾದ್ರಿಯಾಗಿ ಮರಳಿ, 1893ರಲ್ಲಿ ತೀರಿಕೊಂಡನು. ಮಕ್ಕಳನ್ನು ಶಾಲೆಗೆ ಕಳುಹಿಸಿದವರು ವಿದ್ಯೆಯನ್ನು ಬೇಡಿದ್ದರೇ ಹೊರತು ಮತವನ್ನಲ್ಲ ಎಂಬ ಆಕ್ಷೇಪಕ್ಕೆ ಬಲವಿತ್ತು. ಓದಿದವನು ವಿಚಾರಿಸದೆ ಇರಬೇಕೆಂದು ವಿಧಿಸಲಾಗದು ಎಂಬ ಉತ್ತರಕ್ಕೂ ಬಲವಿತ್ತು.

ಈ ಕಲಹವು ಮಂಗಳೂರಿಗೆ ಸೀಮಿತವಾಗಿರಲಿಲ್ಲ. 1839ರಲ್ಲಿ ಮುಂಬಯಿಯ ಜಾನ್ ವಿಲ್ಸನ್ನರ ಶಾಲೆಯ ಪಾರ್ಸಿ ಯುವಕರ ದೀಕ್ಷೆಯಿಂದಲೂ ಮಹಾಕೋಲಾಹಲವಾಗಿತ್ತು. 1850ರ ಶಾಸನವು ಮತಾಂತರಿಯ ಆಸ್ತಿಹಕ್ಕನ್ನು ಕಾಪಾಡಿತು. 1866ರ ಶಾಸನವು ಕ್ರೈಸ್ತನಾದ ಕಾರಣ ಸಂಗಾತಿ ತೊರೆದುಹೋದಲ್ಲಿ ವಿವಾಹವಿಚ್ಛೇದನಕ್ಕೆ ದಾರಿ ಮಾಡಿತು. ಕಾನೂನು ಆಸ್ತಿಯನ್ನು ಹಂಚಬಲ್ಲದು, ಮನಸ್ಸನ್ನು ಕೂಡಿಸಲಾರದು. 1857ರಲ್ಲಿ ವಿಶ್ವವಿದ್ಯಾಲಯಗಳು ಸ್ಥಾಪಿತವಾದ ಬಳಿಕ ಕಾಲೇಜು ವಿದ್ಯಾರ್ಥಿಗಳೇ ಪ್ರಚಾರದ ಮುಖ್ಯ ಕ್ಷೇತ್ರವಾದರು. 1895ರಲ್ಲಿ ಜಾಗತಿಕ ಕ್ರೈಸ್ತ ವಿದ್ಯಾರ್ಥಿ ಒಕ್ಕೂಟವು ಹುಟ್ಟಿತು. ಅದರ ಕಾರ್ಯದರ್ಶಿ ಜಾನ್ ಮಾಟ್ಟರು ಭಾರತದಲ್ಲಿಯೂ ಸಂಚರಿಸಿ ವಿದ್ಯಾರ್ಥಿ ಸಭೆಗಳಲ್ಲಿ ಉಪನ್ಯಾಸ ಮಾಡಿದರು.

ಈ ಪ್ರಯತ್ನದ ಅತ್ಯಂತ ಸ್ಥಿರವಾದ ಫಲವು ಪ್ರಚಾರಕರು ಬಯಸಿದ್ದಲ್ಲ. ಕೇಳುಗನ ಮನಮುಟ್ಟಬೇಕಾದರೆ ಕೇಳುಗನ ನುಡಿ ಬೇಕು. ಆ ಅಗತ್ಯದಿಂದಲೇ ಮೋಗ್ಲಿಂಗರು ಕನ್ನಡವನ್ನು ಕಲಿತು, 1843ರ ಜುಲೈ 1ರಂದು ಕನ್ನಡದ ಮೊದಲನೆಯ ವೃತ್ತಪತ್ರಿಕೆಯಾದ ‘ಮಂಗಳೂರ ಸಮಾಚಾರ’ವನ್ನು ಹೊರಡಿಸಿದರು, ತಾವು ಒಪ್ಪದ ಮತಗಳ ದಾಸರ ಪದಗಳನ್ನೂ ಬಸವಪುರಾಣವನ್ನೂ ಅಚ್ಚುಮಾಡಿಸಿದರು. 1853ರಲ್ಲಿ ಬಂದ ಕಿಟ್ಟೆಲ್ಲರ ನಿಘಂಟು 1894ರಲ್ಲಿ ಪ್ರಕಟವಾಯಿತು. ಇತ್ತ ನಾಡಿನವರೂ ಸ್ವಂತ ಶಾಲೆಗಳನ್ನು ಕಟ್ಟಿದರು: 1891ರಲ್ಲಿ ಅಮ್ಮೆಂಬಳ ಸುಬ್ಬರಾವ್ ಪೈಗಳು ಮಂಗಳೂರಿನ ಕೆನರಾ ಹೈಸ್ಕೂಲನ್ನೂ, 1953ರಲ್ಲಿ ದಿನಕರ ದೇಸಾಯಿಯವರು ಕೆನರಾ ವೆಲ್‌ಫೇರ್ ಟ್ರಸ್ಟನ್ನೂ ಸ್ಥಾಪಿಸಿದರು. ಆ ಟ್ರಸ್ಟಿನ ಗೋಖಲೆ ಸೆಂಟಿನರಿ ಕಾಲೇಜು 1966ರಿಂದ ಅಂಕೋಲೆಯಲ್ಲಿ ನಡೆಯುತ್ತಿದೆ.

ಸ್ವತಂತ್ರ ಭಾರತದ ಸಂವಿಧಾನವು 25ನೆಯ ವಿಧಿಯಲ್ಲಿ ಮತವನ್ನು ಆಚರಿಸುವ ಹಕ್ಕಿನೊಡನೆ ಪ್ರಸಾರ ಮಾಡುವ ಹಕ್ಕನ್ನೂ ಕೊಟ್ಟಿದೆ. 1977ರಲ್ಲಿ ಸರ್ವೋಚ್ಚ ನ್ಯಾಯಾಲಯವು ಆ ಹಕ್ಕಿನಲ್ಲಿ ಅನ್ಯರನ್ನು ಮತಾಂತರಿಸುವ ಹಕ್ಕು ಸೇರಿಲ್ಲವೆಂದು ತೀರ್ಮಾನಿಸಿತು. ಹೇಳುವವನಿಗೆ ಹೇಳುವ ಅಧಿಕಾರವುಂಟು, ಒಪ್ಪುವ ಅಧಿಕಾರವು ಕೇಳುವವನದು. ಇವೆರಡರ ನಡುವಿನ ಗೆರೆಯನ್ನು ನ್ಯಾಯಾಲಯವು ಎಳೆಯಬಲ್ಲದಾದರೂ ಅದನ್ನು ಕಾಯಬೇಕಾದುದು ಗುರುವಿನ ಪ್ರಾಮಾಣಿಕತೆ ಮತ್ತು ತರುಣನ ವಿವೇಕ. ಬಲಾತ್ಕಾರದಿಂದ ಓಡಿಬಂದವರ ಕರಾವಳಿಯಲ್ಲಿ ಈ ಮಾತಿಗೆ ಹೆಚ್ಚಿನ ವ್ಯಾಖ್ಯಾನ ಬೇಕಿಲ್ಲ.